ಕಾರ್ಪೆಟ್ ಕಿತ್ತು ಮರ ಹಾಸಲು ಹೊರಟವರಿಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹೋಂಸ್ಟೇ, ರೆಸಾರ್ಟ್, ತೋಟದ ಮನೆಗಳ ಮಾಲೀಕರಿಗೆ,

ಮಳೆಗಾಲ ಮುಗಿಯುತ್ತಿದ್ದ ಹಾಗೆ ನಿಮ್ಮ ಕಡೆಯಿಂದ ಫೋನು ಶುರುವಾಗುತ್ತದೆ. ಕೋಣೆ ಮುಗ್ಗಲು ವಾಸನೆ ಹೊಡೆಯುತ್ತಿದೆ, ಬಂದ ಅತಿಥಿಗಳು ಸೀನುತ್ತಾರೆ, ಫೋಟೋದಲ್ಲಿ ಮಂಕಾಗಿ ಕಾಣುತ್ತದೆ, ಈ ಕಾರ್ಪೆಟ್ ಕಿತ್ತುಹಾಕಿ ಎಂಜಿನಿಯರ್ಡ್ ವುಡ್ ಹಾಕಿಸಿಬಿಡೋಣ ಅಂತಿದ್ದೇವೆ, ಸ್ಕ್ವೇರ್ ಫೀಟಿಗೆ ಎಷ್ಟು ಬೀಳುತ್ತೆ? ನಾನು ಚನ್ನಪಟ್ಟಣದಲ್ಲಿ ಕೂತು ಕಟ್ಟಡದ ಕೆಲಸಕ್ಕೆ ಅಂದಾಜುಪಟ್ಟಿ ಬರೆದು ಬದುಕುವವನು. ಒಬ್ಬೊಬ್ಬರಿಗೂ ಇದೇ ಮಾತನ್ನು ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆದುಬಿಡುವುದು ವಾಸಿ ಅನ್ನಿಸಿತು.

ಕಾರ್ಪೆಟ್ ತೆಗೆಯಬೇಕೆನ್ನುವ ನಿಮ್ಮ ತೀರ್ಮಾನಕ್ಕೆ ನನ್ನ ತಕರಾರಿಲ್ಲ. ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ ನಮ್ಮ ಹವೆಗೆ ಒಗ್ಗಿದ್ದೇ ಇಲ್ಲ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಹಗಲೂ ರಾತ್ರಿ ಏಸಿ ಓಡುತ್ತದೆ, ದಿನಾ ವ್ಯಾಕ್ಯೂಮ್ ಹೊಡೆಯುತ್ತಾರೆ, ಅಲ್ಲಿ ಅದು ನಡೆಯುತ್ತದೆ. ಸೋಮವಾರದಿಂದ ಗುರುವಾರದವರೆಗೆ ಬೀಗ ಜಡಿದು, ಶುಕ್ರವಾರ ಸಂಜೆ ಕಿಟಕಿ ತೆಗೆಯುವ ಮಂಚನಬೆಲೆ ಹಿನ್ನೀರಿನ ಪಕ್ಕದ ಕೋಣೆಯಲ್ಲಿ ನಡೆಯುವುದಿಲ್ಲ. ಹಾಸುವುದನ್ನು ಹಾಸಿ, ಕೆಲಸವಾದ ಮೇಲೆ ಕೊಡವಿ, ಬಿಸಿಲಿಗೆ ಹಾಕಿ, ಸುತ್ತಿಡುವುದು ನಮ್ಮವರ ಪದ್ಧತಿ. ನವಲಗುಂದದ ಜಮಖಾನ ಇದ್ದದ್ದೇ ಅದಕ್ಕೆ. ಅದನ್ನು ಯಾರೂ ನೆಲಕ್ಕೆ ಗೋಂದು ಹಾಕಿ ಅಂಟಿಸಲಿಲ್ಲ.

ತಕರಾರು ಇರುವುದು "ಸ್ಕ್ವೇರ್ ಫೀಟಿಗೆ ಎಷ್ಟು" ಎನ್ನುವ ಪ್ರಶ್ನೆಯ ಬಗ್ಗೆ. ಅಂಗಡಿಯವರು ಹೇಳುವ ಆ ದರ ಹಲಗೆಯದು, ನೆಲದ್ದಲ್ಲ. ಹಲಗೆಗೂ ನೆಲಕ್ಕೂ ನಡುವೆ ಎಷ್ಟು ಖರ್ಚಿದೆ ಎಂಬುದು ಕಾರ್ಪೆಟ್ಟಿನ ಕೆಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಅದನ್ನು ನೋಡದೆ ಕೊಟ್ಟ ಯಾವ ಕೊಟೇಶನ್ನೂ ಕೊಟೇಶನ್ನಲ್ಲ.

ಒಂದು ಲೆಕ್ಕ ಹಾಕೋಣ. ಇದರಲ್ಲಿರುವ ದರಗಳು ಲೆಕ್ಕದ ದಾರಿ ತೋರಿಸಲು ನಾನು ಇಟ್ಟುಕೊಂಡವು. ನಿಮಗೆ ಬಂದ ದರಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ. 20ಕ್ಕೆ 15 ಅಡಿಯ ಒಂದು ಹಾಲು, 15ಕ್ಕೆ 10 ಅಡಿಯ ಎರಡು ಕೋಣೆ, ಒಟ್ಟು 600 ಚದರಡಿ. ಹಲಗೆಗೆ ಚದರಡಿಗೆ 350 ರೂಪಾಯಿ ಅಂದರು, ನೀವು 2,10,000 ಅಂತ ಮನಸ್ಸಿನಲ್ಲೇ ಬರೆದುಕೊಂಡಿರಿ. ಆದರೆ 600 ಚದರಡಿ ನೆಲಕ್ಕೆ 600 ಚದರಡಿ ಹಲಗೆ ಸಾಲದು. ಮೂಲೆ, ಕಂಬ, ಬಾಗಿಲ ಚೌಕಟ್ಟಿನ ಹತ್ತಿರ ಕೊಯ್ದು ಬಿಸಾಡುವ ತುಂಡು ಇದ್ದೇ ಇರುತ್ತದೆ. ನೇರ ಜೋಡಣೆಗೆ ನೂರಕ್ಕೆ ಎಂಟು ಅಂತ ಹಿಡಿದರೂ 48 ಚದರಡಿ, ಅಂದರೆ 16,800. ಓರೆ ಜೋಡಣೆ, ಹೆರಿಂಗ್‌ಬೋನ್ ಬೇಕೆಂದರೆ ಇದು ಹೆಚ್ಚುಕಡಿಮೆ ಇಮ್ಮಡಿ. ಕಾರ್ಪೆಟ್ ಕಿತ್ತು ಹೊರಗೆ ಸಾಗಿಸಲು ಚದರಡಿಗೆ 10ರಂತೆ 6,000. ಕೆಳಗೆ ಉಳಿದ ಗೋಂದನ್ನು ಮೆಷಿನ್ ಹಿಡಿದು ಉಜ್ಜಲು 12ರಂತೆ 7,200. ನೆಲ ಮಟ್ಟ ಮಾಡುವ ಸೆಲ್ಫ್ ಲೆವೆಲಿಂಗ್ ಪುಡಿ ಸರಾಸರಿ 5 ಮಿಲಿಮೀಟರ್ ಸುರಿಯಬೇಕಾಗಿ ಬಂದರೆ 25 ಕೆ.ಜಿ.ಯ 19 ಚೀಲ ಬೇಕು. ಚೀಲಕ್ಕೆ 1,000, ಕೂಲಿ ಚದರಡಿಗೆ 15 ಅಂದರೆ ಅಲ್ಲಿಗೇ 28,000. ತೇವ ತಡೆಯುವ ಹಾಳೆ ಸೇರಿದ ಫೋಮು 9,000. ಜೋಡಿಸುವ ಕೂಲಿ 35ರಂತೆ 21,000. ಗೋಡೆಯಂಚಿನ ಸ್ಕರ್ಟಿಂಗ್, ಬಾಗಿಲು ಬಿಟ್ಟು 150 ಅಡಿ ಉದ್ದ, ಅಡಿಗೆ 120 ಅಂದರೆ 18,000. ನಾಲ್ಕು ಬಾಗಿಲ ಬಳಿ ಒಂದು ನೆಲದಿಂದ ಇನ್ನೊಂದಕ್ಕೆ ಇಳಿಯುವ ಪಟ್ಟಿ 3,200. ಆ ನಾಲ್ಕು ಬಾಗಿಲ ಬುಡವನ್ನು ಕೊಯ್ಯಲು 2,000.

ಕೂಡಿ ನೋಡಿ: 3,21,200. ಚದರಡಿಗೆ 350 ಅಂದುಕೊಂಡಿದ್ದು 535 ಆಯಿತು. ತೆರಿಗೆ ಇನ್ನೂ ಸೇರಿಲ್ಲ. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ; ಅಂಗಡಿಯವರು ಹಲಗೆಗೆ ದರ ಹೇಳಿದರು, ನೀವು ನೆಲಕ್ಕೆ ದರ ಕೇಳಿಸಿಕೊಂಡಿರಿ. ಕಾರ್ಪೆಟ್ಟಿನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಅದು ಮೆತ್ತಗಿನ ವಸ್ತು, ತಗ್ಗುದಿಣ್ಣೆಯನ್ನೆಲ್ಲ ಮುಚ್ಚಿಹಾಕುತ್ತಿತ್ತು. ಮರದ ಹಲಗೆ ಮುಚ್ಚುವುದಿಲ್ಲ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟರೆ ಕೆಳಗೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣಬಾರದು. ಕಂಡಿತೋ, ನಡೆದಾಗ ಹಲಗೆ ಕೆಳಗೆ ಒತ್ತಿಕೊಂಡು ಮೇಲೇಳುತ್ತದೆ, ಕೀಲು ಸವೆಯುತ್ತದೆ, ಒಂದೆರಡು ವರ್ಷದಲ್ಲಿ ಕಿರುಗುಟ್ಟಲು ಶುರು. ನಮ್ಮ ಕಡೆ ಗಾರೆ ಮೇಸ್ತ್ರಿಗಳು ಕಾರ್ಪೆಟ್ ಬರುತ್ತದೆ ಎಂದು ಗೊತ್ತಿದ್ದರೆ ಕೆಳಗಿನ ನೆಲಕ್ಕೆ ರಸಮಟ್ಟ ಹಿಡಿಯುವುದೇ ಅಪರೂಪ. "ಮುಚ್ಚೋಗುತ್ತಲ್ಲ ಸಾರ್" ಅನ್ನುತ್ತಾರೆ. ಆ ಮುಚ್ಚಿಹೋದದ್ದರ ಬಿಲ್ಲೇ ಈ 28,000.

ಸಾವನದುರ್ಗದ ಕೆಳಗಿನ ಒಂದು ಹೋಂಸ್ಟೇಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ತೋಟದ ಯಜಮಾನರ ಹಳೇ ಮನೆಯನ್ನು ದುರಸ್ತಿ ಮಾಡಿ ಬಾಡಿಗೆಗೆ ಬಿಟ್ಟಿದ್ದರು. ಕಾರ್ಪೆಟ್ಟಿನ ಒಂದು ಮೂಲೆಯನ್ನು ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ಎಳೆದಾಗ ಅದು ಪರಪರ ಸದ್ದು ಮಾಡುತ್ತಾ ಎದ್ದಿತು. ಕೆಳಗಿನ ಹಳದಿ ಫೋಮು ಒತ್ತಿದರೆ ಪುಡಿಯಾಗುತ್ತಿತ್ತು. ಗೋಡೆಯಂಚಿಗೆ ಹೊಡೆದಿದ್ದ ಮೊಳೆಪಟ್ಟಿಯ ಮೊಳೆಗಳೆಲ್ಲ ತುಕ್ಕು ಹಿಡಿದು, ಪಟ್ಟಿಯ ಕಟ್ಟಿಗೆಯೊಳಗೆ ಗೆದ್ದಲು ಮಣ್ಣಿನ ದಾರಿ ಮಾಡಿಕೊಂಡಿತ್ತು. ಬಚ್ಚಲಮನೆಯ ಗೋಡೆಯ ಕಡೆ ಅಂಗೈಯಗಲದ ಕಪ್ಪು ಮಚ್ಚೆ. ಇವೆಲ್ಲದರ ಕೆಳಗೆ, ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ, ಕೆಂಪು ಗಾರೆಯ ನೆಲ ಹೊಳೆಯಿತು. ಒಂದು ಕಡೆ ಮಾತ್ರ ಕೂದಲೆಳೆ ಬಿರುಕು. ಯಜಮಾನರ ತಂದೆಯ ಕಾಲದ ನೆಲವಂತೆ. ರೆಡ್ ಆಕ್ಸೈಡ್ ಕಲಸಿದ ಗಾರೆಯನ್ನು ಕರಣೆಯಿಂದ ಎಳೆದು, ಹಸಿಯಿರುವಾಗಲೇ ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ, ದಿನಗಟ್ಟಲೆ ನೀರು ಕಟ್ಟಿ, ಕಡೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಹೊಳಪು ತಂದ ನೆಲ. ಇವತ್ತು ಅಂಥದ್ದನ್ನು ಹೊಸದಾಗಿ ಮಾಡಿಸಬೇಕೆಂದರೆ ಕೈಪಳಗಿದ ಮೇಸ್ತ್ರಿ ಸಿಗುವುದೇ ಕಷ್ಟ. ಬೆಂಗಳೂರಿನ ವಾಸ್ತುಶಿಲ್ಪಿಗಳು ಹುಡುಕಿಕೊಂಡು ಬಂದು ಮಾಡಿಸುತ್ತಾರೆ. ಇವರು ಅದರ ಮೇಲೆ ಗೋಂದು ಸುರಿದು ಕಾರ್ಪೆಟ್ ಅಂಟಿಸಿದ್ದರು, ಈಗ ಅದರ ಮೇಲೆ ಫೋಮು ಹಾಸಿ ಮರ ಹಾಸಲು ಹೊರಟಿದ್ದರು. ಗೋಂದು ಬಿಡಿಸಿ, ಮೊಳೆ ತೂತುಗಳಿಗೆ ಬಣ್ಣ ಕಲಸಿದ ಗಾರೆ ತುಂಬಿ, ಮೇಣ ಹಾಕಿಸಿ ಬಿಡಿ ಎಂದೆ. ತೂತು ತುಂಬಿದ ಜಾಗ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ನಿಜ. ಕಂಡರೆ ಕಾಣಲಿ.

ಅದಕ್ಕೇ ನನ್ನ ಮೊದಲ ವಿನಂತಿ: ಕೊಟೇಶನ್ ಕೇಳುವ ಮೊದಲು ಪ್ರತಿ ಕೋಣೆಯಲ್ಲೂ ಒಂದು ಮೂಲೆ ಎತ್ತಿ ನೋಡಿ. ಮಂಚದ ಅಡಿಯ ಮೂಲೆಯಾದರೆ ಯಾರಿಗೂ ಕಾಣುವುದಿಲ್ಲ. ಕೆಳಗೆ ಗಾರೆ ನೆಲವೋ, ಮೊಸಾಯಿಕ್ಕೋ, ಕಡಪ ಕಲ್ಲೋ, ಗ್ರಾನೈಟೋ, ಬರೀ ಕಾಂಕ್ರೀಟೋ ಅಂತ ತಿಳಿದ ಮೇಲೆ ಮುಂದಿನ ಮಾತು. ಬರೀ ಕಾಂಕ್ರೀಟಾದರೆ ಮರ ಹಾಸುವುದಕ್ಕೆ ಅರ್ಥವಿದೆ. ಕಲ್ಲಾದರೆ ನಿಮ್ಮ ಅರ್ಧ ದುಡ್ಡು ಉಳಿದ ಹಾಗೆ.

ಕಲ್ಲಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ನೀವು ಮನೆ ಕಟ್ಟಿರುವ ಜಾಗದ ಬಂಡೆಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ರಾಮನಗರವನ್ನು ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಅನ್ನುತ್ತಿದ್ದರು. ಊರಿಗೆ ರಾಮನಗರವೆಂದು ಹೆಸರಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವೂ ಆಯಿತು. ಬಂಡೆಯ ಹೆಸರು ಮಾತ್ರ ಕ್ಲೋಸ್‌ಪೇಟೆಯೇ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕೆಂಗಲ್ ಹನುಮಂತಯ್ಯನವರು ಇದೇ ಸೀಮೆಯವರು. ಅವರು ಕಟ್ಟಿಸಿದ ವಿಧಾನಸೌಧದ ಅಲಂಕಾರದ ಭಾಗಕ್ಕೆ ಮಾಗಡಿಯ ಗುಲಾಬಿ ಕಲ್ಲು ಹೋಯಿತು. ಕನಕಪುರದ ಗ್ರಾನೈಟು ಹೊರದೇಶಗಳ ಅಡುಗೆಮನೆ ಕಟ್ಟೆಗಳ ಮೇಲೆ ಕೂತಿದೆ. ಇಷ್ಟೆಲ್ಲ ಇರುವ ಊರಿನಲ್ಲಿ, ಓಕ್ ಮರದ ತೆಳು ಪದರ ಹಡಗು ಹತ್ತಿ ಬಂದು, ಪ್ಲೈವುಡ್ ಮೇಲೆ ಅಂಟಿಕೊಂಡು, ನಮ್ಮ ಬಂಡೆಯ ಮೇಲೆ ಹಾಸಿಕೊಳ್ಳುತ್ತದೆ. ಕಲ್ಲೇನೂ ಪಾಪ ಅಂಟದ ವಸ್ತುವಲ್ಲ. ಕ್ವಾರಿಯ ದೂಳು ಕುಡಿದವರ ಶ್ವಾಸಕೋಶ, ಕರಗಿಹೋದ ಗುಡ್ಡಗಳು, ಊರೊಳಗೆ ನುಗ್ಗುವ ಟಿಪ್ಪರ್‌ಗಳು ನಮಗೆ ಗೊತ್ತಿಲ್ಲದ್ದೇನಲ್ಲ. ನಾನು ಹೇಳುತ್ತಿರುವುದು ಹೊಸ ಕಲ್ಲು ತನ್ನಿ ಅಂತ ಅಲ್ಲ. ಈಗಾಗಲೇ ಮನೆಯೊಳಗೆ ಹಾಸಿರುವ ಕಲ್ಲನ್ನು ಹೂಳಬೇಡಿ ಅಂತ. ಡಿಸೆಂಬರಿನಲ್ಲಿ ಕಾಲಿಗೆ ತಣ್ಣಗಾಗುತ್ತದೆ ಅಂದರೆ ಮಂಚದ ಪಕ್ಕ ಒಂದು ಜಮಖಾನ ಹಾಸಿ.

ಇಷ್ಟು ಹೇಳಿದ ಮೇಲೂ ಮರವೇ ಬೇಕು ಅನ್ನುವವರಿರುತ್ತೀರಿ. ಇರಲಿ, ಮರದ ನೆಲದ ಮೇಲೆ ಬರಿಗಾಲಲ್ಲಿ ನಡೆಯುವ ಸುಖ ನನಗೂ ಗೊತ್ತು. ಆದರೆ ಏನು ಕೊಳ್ಳುತ್ತಿದ್ದೀರಿ ಎಂದು ತಿಳಿದು ಕೊಳ್ಳಿ. ಎಂಜಿನಿಯರ್ಡ್ ವುಡ್ ಅಂದರೆ ಮೇಲೊಂದು ನಿಜವಾದ ಮರದ ಪದರ, ಅದರ ಕೆಳಗೆ ಎಳೆ ಅಡ್ಡಡ್ಡ ಬರುವಂತೆ ಅಂಟಿಸಿದ ಪದರಗಳು. ಮರ ಎಳೆಯ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಒಂದು ಪದರ ಹಿಗ್ಗಲು ಹೋದರೆ ಅಡ್ಡಲಾಗಿರುವ ಇನ್ನೊಂದು ಹಿಡಿದುಕೊಳ್ಳುತ್ತದೆ. ಇಡೀ ಮರದ ಹಲಗೆಗಿಂತ ಇದು ಸೊಟ್ಟಗಾಗುವುದು ಕಡಿಮೆ ಅನ್ನುವುದು ಈ ಕಾರಣಕ್ಕೆ. ಕಡಿಮೆ ಅಷ್ಟೆ, ಇಲ್ಲವೇ ಇಲ್ಲ ಅಂತಲ್ಲ. ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಲ್ಯಾಮಿನೇಟ್ ಇಟ್ಟಿರುತ್ತಾರೆ. ಅದು ಮರದ ಫೋಟೋ ಅಂಟಿಸಿದ ಒತ್ತುಹಲಗೆ, ದರವೂ ಅದಕ್ಕೆ ತಕ್ಕ ಹಾಗೆ. "ಎರಡೂ ಒಂದೇ ಸಾರ್, ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ" ಎಂದು ಸೇಲ್ಸ್ ಹುಡುಗ ಹೇಳಿದರೆ ಅದು ನಿಜವೇ. ಗೊತ್ತಾಗುವುದು ಐದು ವರ್ಷ ಆದ ಮೇಲೆ.

ನಿಜವಾದ ಬೆಲೆ ಕೂತಿರುವುದು ಆ ಮೇಲಿನ ಪದರದ ದಪ್ಪದಲ್ಲಿ. ಕೆಲವು ಹಲಗೆಗಳಲ್ಲಿ ಅದು 0.6 ಮಿಲಿಮೀಟರ್, ಕೆಲವುಗಳಲ್ಲಿ 2, ಒಳ್ಳೆಯ ಮಾಲಿನಲ್ಲಿ 4. ಹೊರಗಿನಿಂದ ಮೂರೂ ಒಂದೇ ಥರ. ಗೀರು ಬಿದ್ದು, ಬಣ್ಣ ಮಾಸಿದ ಮೇಲೆ ಉಜ್ಜಿ ಮತ್ತೆ ಪಾಲಿಶ್ ಮಾಡಿಸಬೇಕೆಂದರೆ 4 ಮಿಲಿಮೀಟರಿನದ್ದು ಎರಡು ಮೂರು ಸಲ ತಡೆದೀತು, 2 ಮಿಲಿಮೀಟರಿನದ್ದು ಹುಷಾರಾಗಿ ಒಂದು ಸಲ, 0.6ರದ್ದು ಒಂದು ಸಲವೂ ಇಲ್ಲ. ಉಜ್ಜಿದರೆ ಪ್ಲೈವುಡ್ ಹಲ್ಲು ಕಿರಿಯುತ್ತದೆ. 350ರ ಹಲಗೆ ಹತ್ತು ವರ್ಷಕ್ಕೆ ಕಿತ್ತು ಬಿಸಾಡುವಂತಾದರೆ, 550ರ ಹಲಗೆ ಎರಡು ಸಲ ಉಜ್ಜಿಸಿಕೊಂಡು ಇಪ್ಪತ್ತೈದು ವರ್ಷ ಬಂದರೆ, ಯಾವುದು ಅಗ್ಗ? ಹಾಗಾಗಿ ಕೊಟೇಶನ್ನಿನಲ್ಲಿ "14 ಎಂಎಂ ಓಕ್" ಎಂದು ಬರೆದದ್ದನ್ನು ಒಪ್ಪಬೇಡಿ. ಮೇಲಿನ ಪದರ ಎಷ್ಟು, ಕೆಳಗಿನದು ಪ್ಲೈವುಡ್ಡೋ ಮರದ ನಾರು ಒತ್ತಿ ಮಾಡಿದ ಎಚ್‌ಡಿಎಫ್ಫೋ, ಪ್ಲೈವುಡ್ಡಾದರೆ ಯಾವ ದರ್ಜೆ, ಅಂಟಿನ ವಾಸನೆಗೆ ಇ1 ಪ್ರಮಾಣಪತ್ರ ಇದೆಯೋ ಇಲ್ಲವೋ, ಇಷ್ಟನ್ನು ಬರೆಸಿಕೊಳ್ಳಿ. ನೀರು ತಾಗುವ ಸಂಭವವಿದ್ದರೆ ಎಚ್‌ಡಿಎಫ್ ಬೇಡ. ಒಮ್ಮೆ ನೀರು ಕುಡಿದು ಊದಿದರೆ ಅದು ಮತ್ತೆ ಇಳಿಯುವುದಿಲ್ಲ.

ಹವೆಯ ವಿಷಯಕ್ಕೆ ನಿಮಗೆ ಜರ್ಮನಿಯ ಕ್ಯಾಟಲಾಗ್ ಬೇಕಿಲ್ಲ, ಪಕ್ಕದ ತೋಟದ ರೇಷ್ಮೆ ಹುಳು ಮನೆಗೆ ಹೋಗಿ ಬನ್ನಿ. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಹಾಕುವ ಯಾವ ರೈತನ ಹುಳು ಮನೆಯ ಗೋಡೆಯಲ್ಲೂ ಒಂದು ಸಾಧನ ನೇತುಹಾಕಿರುತ್ತದೆ: ಎರಡು ಥರ್ಮಾಮೀಟರ್ ಪಕ್ಕಪಕ್ಕ, ಒಂದರ ಬುಡಕ್ಕೆ ಒದ್ದೆ ಬತ್ತಿ. ಎರಡರ ನಡುವಿನ ವ್ಯತ್ಯಾಸ ನೋಡಿ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಹೇಳುತ್ತಾರೆ. ಚಾಕಿ ಅನ್ನುವ ಎಳೇ ಹುಳುವಿಗೆ ನೂರಕ್ಕೆ 85ರಿಂದ 90 ಪಾಲು ತೇವ ಬೇಕು, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ 70ರ ಆಸುಪಾಸು ಸಾಕು, ಹೆಚ್ಚಾದರೆ ರೋಗ. ಒಂದು ಬೆಳೆ ಹೋದರೆ ಸಾಲ ಮೈಮೇಲೆ ಬೀಳುವ ಜನ, ಅದಕ್ಕೆ ಅಷ್ಟು ನಿಗಾ. ಮರದ ನೆಲಕ್ಕೆ ಬೇಕಾದದ್ದು ಇನ್ನೂ ಒಣ ಹವೆ, 40ರಿಂದ 60ರೊಳಗೆ. ಸೆಪ್ಟೆಂಬರ್, ಅಕ್ಟೋಬರ್‌ನ ಮಳೆ ತಿಂಗಳಲ್ಲಿ ನಾಲ್ಕು ದಿನ ಮುಚ್ಚಿಟ್ಟ ಕೋಣೆ ಅದನ್ನು ದಾಟುತ್ತದೆ. ಶನಿವಾರ ಅತಿಥಿ ಬಂದು ಏಸಿಯನ್ನು 18ಕ್ಕೆ ಇಟ್ಟು ಮಲಗಿದರೆ ಅದೇ ಕೋಣೆ ರಾತ್ರಿ ಬೆಳಗಾಗುವುದರಲ್ಲಿ ಒಣಗುತ್ತದೆ. ಮರ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಅಂಚು ಎದ್ದು ದೋಣಿಯಂತಾಗುವುದು, ಸಂದಿ ಬಿಡುವುದು ಇಲ್ಲಿಂದಲೇ. ಆ ಎರಡು ಬಲ್ಬಿನ ಥರ್ಮಾಮೀಟರನ್ನೋ, ಬ್ಯಾಟರಿಯ ತೇವಮಾಪಕವನ್ನೋ ತಂದು ಒಂದು ಮಳೆಗಾಲ ಪೂರ್ತಿ ಕೋಣೆಯಲ್ಲಿ ನೇತುಹಾಕಿ ಬರೆದಿಡಿ. ಲಕ್ಷಗಟ್ಟಲೆಯ ತೀರ್ಮಾನಕ್ಕೆ ಕೆಲವು ನೂರು ರೂಪಾಯಿಯ ಸಾಕ್ಷಿ.

ಹಲಗೆ ತಂದ ದಿನವೇ ಜೋಡಿಸಲು ಬಿಡಬೇಡಿ. ಅದೇ ಕೋಣೆಯಲ್ಲಿ ಎರಡು ಮೂರು ದಿನ ಮಲಗಿಸಿಡಬೇಕು, ಆ ಹವೆಗೆ ಒಗ್ಗಬೇಕು. ಇದನ್ನು ಚನ್ನಪಟ್ಟಣದ ಗೊಂಬೆ ಮಾಡುವವರಿಗೆ ಹೇಳಿದರೆ ನಗುತ್ತಾರೆ, ಅಷ್ಟು ಸಾಮಾನ್ಯ ಜ್ಞಾನ. ಹಾಲೆ ಮರವನ್ನು ಕಡಿದು ತಂದು, ತುಂಡು ಮಾಡಿ, ನೆರಳಲ್ಲಿ ಒಟ್ಟಿ ಒಣಗಿಸದೆ ಅವರು ಲೇತಿಗೆ ಹಾಕುವುದಿಲ್ಲ. ಹಸಿ ಮರದ ಮೇಲೆ ಎಷ್ಟು ಚೆನ್ನಾಗಿ ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟರೂ ಗೊಂಬೆ ಸೀಳುತ್ತದೆ. ಗೋಡೆಯಂಚಿಗೆ 10 ಮಿಲಿಮೀಟರಿನಷ್ಟು ಸಂದು ಬಿಟ್ಟು ಜೋಡಿಸುವುದೂ ಇದಕ್ಕೇ. ಹಿಗ್ಗಿದಾಗ ಜಾಗ ಬೇಕು. ನೋಡಲು ಅಂದವಿಲ್ಲ ಎಂದು ಸಂದಿಗೆ ಸಿಮೆಂಟ್ ತುಂಬಿಸುವ ಯಜಮಾನರಿದ್ದಾರೆ. ಸ್ಕರ್ಟಿಂಗ್ ಇರುವುದೇ ಆ ಸಂದು ಮುಚ್ಚಲಿಕ್ಕೆ.

ನೆಲದ ತೇವ ಬೇರೆ, ಗಾಳಿಯ ತೇವ ಬೇರೆ. ನೆಲಮಹಡಿಯ ಕಾಂಕ್ರೀಟ್ ಕೆಳಗಿನ ಮಣ್ಣಿನಿಂದ ನೀರು ಎಳೆಯುತ್ತಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಮಾರನೇ ದಿನ ಎತ್ತಿ ನೋಡಿ. ಒಳಗೆ ಬೆವರಿದ್ದರೆ, ಕಾಂಕ್ರೀಟ್ ಕಪ್ಪಾಗಿದ್ದರೆ ಆ ಕೋಣೆಗೆ ಮರ ಹಾಕಿಸುವ ಮಾತು ಬಿಡಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು, ಹೊಸ ಹೆದ್ದಾರಿಯ ಮೇಲೆಯೇ ವಾಹನಗಳು ಮುಳುಗಿ ನಿಂತದ್ದು ನೆನಪಿರಬೇಕು. ಕೆರೆ ಕೋಡಿಯ ಕೆಳಗೆ, ಹಳ್ಳದ ದಂಡೆಯಲ್ಲಿ "ನೇಚರ್ ವ್ಯೂ" ಎಂದು ಕಟ್ಟಿದ ಕಾಟೇಜುಗಳಿಗೂ ಇದೇ ಮಾತು. ಕಲ್ಲು ನೆಲದಿಂದ ಕೆಸರು ತೊಳೆದು ಮಾರನೇ ವಾರ ಅತಿಥಿ ಕರೆಯಬಹುದು. ಮರದ ನೆಲವಾದರೆ ಇಡೀ ಖರ್ಚು ಇನ್ನೊಂದು ಸಲ.

ಗೆದ್ದಲಿನ ಬಗ್ಗೆ ನಿಮ್ಮ ಹತ್ತಿರ ಬರುವವರು ಒಂದೇ ಔಷಧ ಹೇಳುತ್ತಾರೆ: ಗೋಡೆ ಬುಡದಲ್ಲಿ ಸಾಲಾಗಿ ತೂತು ಕೊರೆದು ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಇಳಿಸುವುದು. ಕೆಲಸ ಆಗುತ್ತದೆ. ಆದರೆ ನಿಮ್ಮ ಬೇಲಿಯಾಚೆ ಹಿಪ್ಪುನೇರಳೆ ತೋಟವೋ ಹುಳು ಮನೆಯೋ ಇದ್ದರೆ, ಔಷಧ ಹೊಡೆಯುವ ದಿನ ಆ ರೈತನಿಗೆ ಮೊದಲೇ ತಿಳಿಸಿ. ಸೊಪ್ಪಿಗೆ ತಾಗಿದ ಸ್ವಲ್ಪ ಕೀಟನಾಶಕವೂ ಹುಳುವಿಗೆ ಸಾವು. ಔಷಧ ಕಲಸಿದ ಬಕೆಟ್ಟನ್ನು ಕಾಲುವೆಯಲ್ಲಿ ತೊಳೆದು ಹೋಗುವ ಹುಡುಗರನ್ನು ನಾನು ನೋಡಿದ್ದೇನೆ. ನಿಮ್ಮ ನೆಲದ ಖರ್ಚು ಇನ್ನೊಬ್ಬರ ಗೂಡಿನಲ್ಲಿ ಕಾಣಿಸಿಕೊಳ್ಳುವುದು ಅನ್ಯಾಯ. ಕಿತ್ತ ಕಾರ್ಪೆಟ್ಟಿನದೂ ಇದೇ ಕಥೆ. ನೈಲಾನ್, ಪಾಲಿಪ್ರೊಪಿಲೀನ್, ರಬ್ಬರ್ ಬೆನ್ನು. ತೋಟದ ಮೂಲೆಯಲ್ಲಿ ಪೆಟ್ರೋಲ್ ಸುರಿದು ಬೆಂಕಿ ಇಡುತ್ತಾರೆ, ಎರಡು ದಿನ ಕರಿ ಹೊಗೆ. ಇಲ್ಲವೇ ಅರ್ಕಾವತಿಯ ದಂಡೆಗೆ ಟೆಂಪೋದಲ್ಲಿ ಹೋಗಿ ಸುರಿದು ಬರುತ್ತಾರೆ. ಮೇಲಿನ ಲೆಕ್ಕದಲ್ಲಿ ನಾನು 6,000 ಎಂದು ಬರೆದದ್ದು ಕಾನೂನಿನಂತೆ ಸಾಗಿಸುವ ಖರ್ಚು. ಗಟ್ಟಿಯಿರುವ ತುಂಡುಗಳನ್ನು ಕತ್ತರಿಸಿ ಟ್ರ್ಯಾಕ್ಟರ್ ಶೆಡ್ಡಿಗೋ, ದನದ ಕೊಟ್ಟಿಗೆಯ ಮೆಟ್ಟಿಲಿಗೋ ಕೇಳಿ ಒಯ್ಯುವವರೂ ಇದ್ದಾರೆ, ಕೇಳಿ ನೋಡಿ.

ಇನ್ನೊಂದು ಖರ್ಚು ಯಾವ ಅಂದಾಜುಪಟ್ಟಿಯಲ್ಲೂ ಬರುವುದಿಲ್ಲ. ಕನಕಪುರದ ಕಡೆಯ ಒಂದು ರೆಸಾರ್ಟಿನಲ್ಲಿ ಮರದ ನೆಲ ಹಾಕಿಸಿದ ಮೊದಲ ವರ್ಷವೇ ಬಾಗಿಲ ಬಳಿ ಹಲಗೆಗಳು ಊದಿಕೊಂಡವು. ಕೋಣೆ ಒರೆಸುವ ಹೆಂಗಸು ಬಕೆಟ್ ತುಂಬ ನೀರು, ಫಿನಾಯಿಲ್, ನೂಲಿನ ಮಾಪು ಹಿಡಿದು ದಿನಾ ಎರಡು ಸಲ ಒರೆಸಿದ್ದಳು. ಕಲ್ಲು ನೆಲಕ್ಕೆ ಹಾಗೇ ಮಾಡು ಎಂದು ಆಕೆಗೆ ಹೇಳಿಕೊಟ್ಟಿದ್ದರು, ಮರದ ನೆಲಕ್ಕೆ ಬೇರೆ ರೀತಿ ಎಂದು ಯಾರೂ ಹೇಳಿರಲಿಲ್ಲ. ಹಾಳಾದ ಹಲಗೆಯ ಬಾಬ್ತು ಆಕೆಯ ಸಂಬಳದಲ್ಲಿ ಮುರಿದುಕೊಂಡರು. ಇದು ಸರಿಯಲ್ಲ. ಆರೂವರೆ ಗಂಟೆಗೆ ಬಸ್ಸಿಳಿದು ಬಂದು ಹದಿನಾಲ್ಕು ಕೋಣೆ ಒರೆಸುವವಳಿಗೆ ಓಕ್ ಮರದ ಸ್ವಭಾವ ಗೊತ್ತಿರಬೇಕೆಂದು ನಿರೀಕ್ಷಿಸುವ ಮಾಲೀಕರಿಗೇ ಅದು ಗೊತ್ತಿರಲಿಲ್ಲ. ಮರದ ನೆಲ ಹಾಕಿಸುವುದಾದರೆ ಹಿಂಡಿದ ಮೈಕ್ರೋಫೈಬರ್ ಬಟ್ಟೆ, ಅದಕ್ಕೆಂದೇ ಇರುವ ದ್ರವ, ಚೆಲ್ಲಿದ ನೀರನ್ನು ಕೂಡಲೇ ಒರೆಸುವ ರೂಢಿ, ಇವುಗಳ ಜೊತೆಗೆ ಕೆಲಸದವರಿಗೆ ಒಂದು ಬೆಳಗ್ಗೆ ಪೂರ್ತಿ ಕೂರಿಸಿ ಹೇಳಿಕೊಡುವ ಸಮಯವನ್ನೂ ಖರ್ಚಿಗೆ ಬರೆದುಕೊಳ್ಳಿ. ಹೇಳಿಕೊಡಲು ಪುರುಸೊತ್ತಿಲ್ಲದವರು ಟೈಲ್ಸ್ ಹಾಕಿಸಿ.

ಹಾಗಾದರೆ ಎಲ್ಲಿ ಹಾಕಿಸಬಹುದು? ಮೇಲಿನ ಮಹಡಿಯ ಮಲಗುವ ಕೋಣೆಗೆ, ಗಾಳಿ ಬೆಳಕು ಆಡುವ ಓದುವ ಕೋಣೆಗೆ, ವಾರವಿಡೀ ಜನ ವಾಸವಾಗಿರುವ ಮನೆಗೆ ಧಾರಾಳವಾಗಿ ಹಾಕಿಸಿ, ಒಳ್ಳೆಯ ಪದರದ್ದನ್ನೇ ಹಾಕಿಸಿ. ನೆಲಮಹಡಿಯ ಹಾಲು, ಈಜುಕೊಳದಿಂದ ಒದ್ದೆ ಕಾಲಲ್ಲಿ ಓಡಿ ಬರುವ ಕೋಣೆ, ಬಚ್ಚಲಿನ ಬಾಗಿಲು, ಅಡುಗೆಮನೆಯ ಪಕ್ಕ ಬೇಡ. 20 ಲಕ್ಷದ ಹಳೇ ಮನೆಗೆ ನಾಲ್ಕು ಲಕ್ಷದ ನೆಲ ಹಾಕಿಸುವವರು ಮೂಗಿಗಿಂತ ಮೂಗುತಿ ಭಾರ ಎನ್ನುವ ಮಾತು ಕೇಳಿಸಿದರೂ ಕೇಳಿಸದವರಂತಿರುತ್ತಾರೆ. ಅವರಿಗೆ ನಾನೇನೂ ಹೇಳಲಾರೆ.

ಕೆಲಸ ಕೊಡುವಾಗ ಒಂದೇ ಮೊತ್ತದ ಕೊಟೇಶನ್ ತೆಗೆದುಕೊಳ್ಳಬೇಡಿ. ಕಿತ್ತು ಸಾಗಿಸುವುದು, ಉಜ್ಜುವುದು, ಮಟ್ಟ ಮಾಡುವುದು, ಫೋಮು, ಹಲಗೆ, ಕೂಲಿ, ಅಂಚುಪಟ್ಟಿ, ಬಾಗಿಲು ಕೊಯ್ಯುವುದು, ತೆರಿಗೆ, ಒಂದೊಂದಕ್ಕೂ ಬೇರೆ ಸಾಲು ಬರೆಸಿ. ಮಟ್ಟ ಮಾಡುವ ಪುಡಿಯನ್ನು ಮಾತ್ರ ಚೀಲದ ಲೆಕ್ಕದಲ್ಲಿ, ಆದಷ್ಟಕ್ಕೆ ದುಡ್ಡು ಎಂದು ಒಪ್ಪಿಕೊಳ್ಳಿ. ಅದು ಕಾರ್ಪೆಟ್ ಎದ್ದ ಮೇಲೆಯೇ ಗೊತ್ತಾಗುವ ಬಾಬ್ತು, ಮೊದಲೇ ದರ ಹೇಳಿದವರು ಒಂದೋ ನಿಮ್ಮ ತಲೆಗೆ ಹೆಚ್ಚು ಕಟ್ಟಿದ್ದಾರೆ, ಇಲ್ಲ ಕೆಲಸ ಅರ್ಧಕ್ಕೆ ನಿಲ್ಲಿಸಿ ಜಗಳ ತೆಗೆಯುತ್ತಾರೆ. ಖಾಲಿ ಚೀಲಗಳನ್ನು ಎಣಿಸಿ ಒಂದು ಕಡೆ ಇಡಲು ಹೇಳಿ. ಕೊನೆಯ ಕಾಲುಭಾಗ ಹಣವನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಬರೆದರೆ ಒಪ್ಪುವ ಗುತ್ತಿಗೆದಾರ ಸಿಗುವುದು ಕಷ್ಟ. ನೂರಕ್ಕೆ ಹತ್ತರಷ್ಟನ್ನಾದರೂ ಹಿಡಿದಿಡಿ, ಅದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಮತ್ತೆ, ಅದೇ ಬ್ಯಾಚಿನ ಎರಡು ಪೆಟ್ಟಿಗೆ ಹಲಗೆ ಹೆಚ್ಚಿಗೆ ತೆಗೆದಿಡಿ. ಮೂರು ವರ್ಷದ ಮೇಲೆ ನಾಲ್ಕು ಹಲಗೆ ಬದಲಿಸಬೇಕಾದಾಗ ಆ ಬಣ್ಣ ಅಂಗಡಿಯಲ್ಲಿ ಇರುವುದಿಲ್ಲ. ಇಡುವುದನ್ನು ಮೆಟ್ಟಿಲ ಕೆಳಗಿನ ಪಂಪ್‌ಸೆಟ್ ಪಕ್ಕ ಇಡಬೇಡಿ. ಮೇಲಿನ ಅಟ್ಟದಲ್ಲಿ, ಗೋಡೆಗೆ ತಾಗದ ಹಾಗೆ, ಮಲಗಿಸಿ ಇಡಿ.

ಇಂತಿ ನಿಮ್ಮ,
ಅಂದಾಜುಪಟ್ಟಿ ಬರೆಯುವವ
ಚನ್ನಪಟ್ಟಣ